ಬಯಲು ಯಾರ ಸ್ವತ್ತು?

(ರಾಜ್ಯೋತ್ಸವದ ಅಂಗವಾಗಿ ನಾಸಿಕದಲ್ಲಿ ಸೇರಿದ್ದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ಭಾಷಣ ಮಾಡುವುದು ನನ್ನ ಕಸುಬಲ್ಲ. ನಾನು ಬ್ಯಾಂಕಿನ ಗುಮಾಸ್ತ. ದಿನವಿಡೀ ಅಂಕಿಗಳ ಸಹವಾಸ. ಅಂಕಿಗಳಲ್ಲಿ ಒಂದು ಒಳ್ಳೆಯ ಗುಣವುಂಟು. ಅವು ಯಾರ ಮುಖವನ್ನೂ ನೋಡುವುದಿಲ್ಲ. ತಾಳೆಯಾದರೆ ಆಯಿತು, ಆಗದಿದ್ದರೆ ಇಲ್ಲ. ಇಂದು ನಾನು ಹೇಳಹೊರಟಿರುವ ವಿಷಯವನ್ನೂ ಹಾಗೆಯೇ ಮುಖ ನೋಡದೆ ಹೇಳಬೇಕಾಗಿದೆ. ಏಕೆಂದರೆ ಅದು ನಮ್ಮೆಲ್ಲರಿಗೂ ಪ್ರಿಯವಾದ ಒಂದು ಯೋಜನೆಗೆ ವಿರೋಧವಾಗಿ ನಿಲ್ಲುತ್ತದೆ. ಮೊದಲೇ ಕ್ಷಮೆ ಕೇಳಿಕೊಂಡುಬಿಡುತ್ತೇನೆ.

ನಮ್ಮ ಬಡಾವಣೆಯ ನಡುವೆ ಇರುವ ಬಯಲು ನಿಮಗೆಲ್ಲ ಗೊತ್ತು. ಊರ ಅಂಚಿನಲ್ಲಿ, ಒಂದು ಕಡೆ ದ್ರಾಕ್ಷಿ ತೋಟ, ಇನ್ನೊಂದು ಕಡೆ ಈರುಳ್ಳಿ ಹೊಲ ಇದ್ದ ಕಾಲದಲ್ಲಿ ನಾವು ಕೆಲವು ಸಂಸಾರಗಳು ಇಲ್ಲಿ ಬಂದು ನೆಲಸಿದೆವು. ಇಂದು ತೋಟ ಹಿಂದೆ ಸರಿದಿದೆ, ಮನೆಗಳು ಮುಂದೆ ಬಂದಿವೆ. ಆದರೂ ನಡುವಿನ ಇಪ್ಪತ್ತು ಗುಂಟೆ ಜಾಗ ಹಾಗೆಯೇ ಉಳಿದಿದೆ. ಎರಡು ಬೇವಿನ ಮರ, ಒಂದು ಹುಣಿಸೆ, ಮಿಕ್ಕದ್ದು ಮಣ್ಣು. ಪ್ರತಿ ನವೆಂಬರ್ ಒಂದರಂದು ನಾವು ಬಾವುಟ ಏರಿಸುವುದು ಅಲ್ಲಿಯೇ. ಹೋದ ವರ್ಷದ ಸಭೆಯಲ್ಲಿ ಒಬ್ಬ ಹಿರಿಯರು, "ಈ ಜಾಗವನ್ನು ಪಾಲಿಕೆಯಿಂದ ಕೇಳಿ ಪಡೆದು ಕನ್ನಡ ಭವನ ಕಟ್ಟಿದರೇನು?" ಎಂದರು. ಸಭೆ ಚಪ್ಪಾಳೆ ತಟ್ಟಿತು. ತಟ್ಟಿದವರಲ್ಲಿ ನಾನೂ ಒಬ್ಬ. ಅಷ್ಟೇ ಅಲ್ಲ, ಖರ್ಚಿನ ಅಂದಾಜು ಪಟ್ಟಿಯನ್ನು ತಯಾರಿಸುವ ಕೆಲಸವನ್ನು ನಾನಾಗಿಯೇ ವಹಿಸಿಕೊಂಡೆ.

ಆ ಪಟ್ಟಿಯೇ ನನ್ನ ಕಣ್ಣು ತೆರೆಸಿತು. ಸಭಾಗೃಹಕ್ಕೆ ನಾಲ್ಕು ಸಾವಿರ ಚದರ ಅಡಿ. ಅಡುಗೆಮನೆ, ಶೌಚಾಲಯಗಳಿಗೆ ಒಂದು ಸಾವಿರ. ವಾಹನ ನಿಲ್ಲಿಸಲು ಆರು ಸಾವಿರ. ಗುಂಟೆಗೆ 1,089 ಚದರ ಅಡಿಯಂತೆ ಲೆಕ್ಕ ಹಾಕಿದರೆ ಹತ್ತು ಗುಂಟೆ ಮೀರಿತು. ಅಂದರೆ ಬಯಲಿನ ಅರ್ಧಕ್ಕೂ ಹೆಚ್ಚು. ಹುಣಿಸೆಯ ಮರ ಅಡುಗೆಮನೆಯ ನಟ್ಟನಡುವೆ ಬಂದಿತು. ಮಕ್ಕಳು ಎಲ್ಲಿ ಆಡಬೇಕು ಎಂಬ ಪ್ರಶ್ನೆಗೆ ನನ್ನ ಪಟ್ಟಿಯಲ್ಲಿ ಅಂಕಣವೇ ಇರಲಿಲ್ಲ.

ಆಗ ನಾನು ಬಡಾವಣೆಯ ಮಂಜೂರಾದ ನಕ್ಷೆಯನ್ನು ತೆಗೆದು ನೋಡಿದೆ. ಮನೆಸಾಲದ ಕಡತಗಳಲ್ಲಿ ಇಂಥ ನಕ್ಷೆಗಳು ದಿನವೂ ನನ್ನ ಕೈಗೆ ಬರುತ್ತವೆ. ಆದರೆ ನಾವು ನೋಡುವುದು ಸಾಲಗಾರನ ನಿವೇಶನದ ಸಂಖ್ಯೆಯನ್ನು ಮಾತ್ರ. ನಡುವೆ ಹಸಿರು ಗೆರೆ ಎಳೆದು 'ಓಪನ್ ಸ್ಪೇಸ್' ಎಂದು ಬರೆದಿರುವ ತುಂಡು ಯಾರ ಗಮನಕ್ಕೂ ಬರುವುದಿಲ್ಲ. ಸಾಲ ಕೊಡುವವನಿಗೂ ಅದು ಬೇಡ, ಪಡೆಯುವವನಿಗೂ ಬೇಡ. ಯಾರಿಗೂ ಬೇಡವಾದದ್ದರ ಮೇಲೆ ಎಲ್ಲರ ಕಣ್ಣೂ ಬೀಳುವುದು ಲೋಕದ ರೂಢಿ.

ಆದರೆ ಆ ತುಂಡು ಸುಮ್ಮನೆ ಉಳಿದದ್ದಲ್ಲ, ಉಳಿಸಿದ್ದು. ಮಹಾರಾಷ್ಟ್ರದಲ್ಲಿ 2020ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಏಕೀಕೃತ ಅಭಿವೃದ್ಧಿ ನಿಯಮಾವಳಿಯ ಪ್ರಕಾರ 0.4 ಹೆಕ್ಟೇರ್, ಅಂದರೆ ಸುಮಾರು ಒಂದು ಎಕರೆ ಅಥವಾ ಅದಕ್ಕೂ ಮೇಲ್ಪಟ್ಟ ಬಡಾವಣೆ ಮಾಡುವವರು ನೂರಕ್ಕೆ ಹತ್ತರಷ್ಟು ನೆಲವನ್ನು ವಿಹಾರಕ್ಕಾಗಿ ತೆರೆದಿಡಬೇಕು. ಅದಕ್ಕೂ ಹಿಂದಿನ ನಿಯಮಗಳಲ್ಲಿಯೂ ಇಂಥ ವಿಧಿ ಇದ್ದಿತು. ನಮ್ಮದು ಐದು ಎಕರೆಯ ಬಡಾವಣೆ. ಇನ್ನೂರು ಗುಂಟೆಗೆ ಇಪ್ಪತ್ತು ಗುಂಟೆ. ಲೆಕ್ಕ ಸರಿಯಾಗಿಯೇ ಇದೆ. ಆ ಜಾಗ ಬಡಾವಣೆಯ ಎಲ್ಲ ನಿವಾಸಿಗಳ ಸಮಾನ ಉಪಯೋಗಕ್ಕೆಂದು ಬಿಟ್ಟದ್ದು. ಅದರ ಬೆಲೆಯನ್ನು ನಾವು ನಿವೇಶನದ ಕ್ರಯದಲ್ಲಿಯೇ ತೆತ್ತಿದ್ದೇವೆ. ನಾವು ಮಾತ್ರವಲ್ಲ, ನಮ್ಮ ಮರಾಠಿ ನೆರೆಯವರೂ, ಗುಜರಾತಿಯವರೂ, ಬಾಡಿಗೆ ಮನೆಯಲ್ಲಿ ಇರುವವರೂ ತಮ್ಮ ತಮ್ಮ ರೀತಿಯಲ್ಲಿ ತೆತ್ತಿದ್ದಾರೆ.

ಇಲ್ಲಿ ಇನ್ನೊಂದು ಮಾತು ತಿಳಿದಿರಬೇಕು. ಊರಿನ ಬಯಲುಗಳಲ್ಲಿ ಮೂರು ಬಗೆ. ಮೊದಲನೆಯದು, ಈಗ ಹೇಳಿದ ಬಡಾವಣೆಯ ಬಯಲು. ಎರಡನೆಯದು, ನಗರದ ವಿಕಾಸ ಯೋಜನೆಯಲ್ಲಿ ಉದ್ಯಾನಕ್ಕೆಂದೋ ಆಟದ ಮೈದಾನಕ್ಕೆಂದೋ ಕಾದಿರಿಸಿದ ಖಾಸಗಿ ಜಮೀನು. ಇದು ಕಾಗದದ ಮೇಲಿನ ಹಸಿರು. 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯಿದೆಯ 127ನೆಯ ಕಲಮಿನಂತೆ, ಯೋಜನೆ ಜಾರಿಗೆ ಬಂದು ಹತ್ತು ವರ್ಷಗಳೊಳಗೆ ಜಮೀನನ್ನು ಪಡೆಯದೆ ಹೋದರೆ ಮಾಲೀಕನು ನೋಟೀಸು ಕೊಡಬಹುದು. ಆಮೇಲೂ ನಿಗದಿಯಾದ ಅವಧಿಯಲ್ಲಿ, 2015ರ ತಿದ್ದುಪಡಿಯ ತರುವಾಯ 24 ತಿಂಗಳಲ್ಲಿ, ಕ್ರಮ ಕೈಕೊಳ್ಳದಿದ್ದರೆ ಕಾದಿರಿಸಿದ್ದು ರದ್ದಾಗುತ್ತದೆ. ಮಾಲೀಕನನ್ನು ಬಯ್ಯಬೇಕಾಗಿಲ್ಲ; ಹಣವೂ ಬಾರದೆ ಜಮೀನೂ ಉಪಯೋಗಕ್ಕೆ ಬಾರದೆ ಅವನಾದರೂ ಎಷ್ಟು ವರ್ಷ ಕಾದಾನು? ಮೂರನೆಯದು, ಹಳ್ಳಿಯ ಕಾಲದಿಂದ ಬಂದ ಸಾರ್ವಜನಿಕ ನೆಲ: ಇಲ್ಲಿ ಗಾಯರಾಣ, ನಮ್ಮ ಕಡೆ ಗೋಮಾಳ, ಗುಂಡುತೋಪು, ಕೆರೆಯಂಗಳ, ಹಳ್ಳದ ದಂಡೆ. ಇಂಥ ನೆಲವನ್ನು ಕಬಳಿಸುವುದನ್ನು ನಿಲ್ಲಿಸಿ, ಅತಿಕ್ರಮಣಗಳನ್ನು ತೆರವು ಮಾಡಿಸಬೇಕೆಂದು ಸುಪ್ರೀಂ ಕೋರ್ಟು 2011ರ ಜನವರಿಯಲ್ಲಿ, ಪಂಜಾಬದ ಒಂದು ಹಳ್ಳಿಯ ಕೆರೆಯ ಮೊಕದ್ದಮೆಯಲ್ಲಿ, ಎಲ್ಲ ರಾಜ್ಯಗಳಿಗೂ ಹೇಳಿತು.

ಹಳ್ಳಿ ನಗರವಾಗುವಾಗ ಮೊದಲು ಕಳೆದುಹೋಗುವುದು ಈ ಮೂರನೆಯದು; ಅನಂತರ ಎರಡನೆಯದು; ಕಡೆಗೆ ಮೊದಲನೆಯದು. ನಮ್ಮ ಬಡಾವಣೆ ಈಗ ಈ ಕಡೆಯ ಮೆಟ್ಟಿಲಿನ ಮೇಲೆ ನಿಂತಿದೆ.

ನಾವು ಬಾಳುತ್ತಿರುವ ಈ ಎರಡು ನಗರಗಳನ್ನೇ ನೋಡಿ. ಸಂಭಾಜಿನಗರವು 1610ರಲ್ಲಿ ಮಲಿಕ್ ಅಂಬರನು ಖಡಕಿ ಎಂಬ ಹಳ್ಳಿಯ ಜಾಗದಲ್ಲಿ ಕಟ್ಟಿದ ಊರು. ಕಲ್ಲುನೆಲದ ಆ ಊರಿಗೆ ಅವನು ನೆಲದೊಳಗಿನ ಕಾಲುವೆಯಿಂದ ನೀರು ತಂದನು. ಊರು ನಿಂತದ್ದು ಆ ನೀರಿನಿಂದ. ದೆಹಲಿ ದರವಾಜೆಯ ಬಳಿಯ ಸಲೀಂ ಅಲಿ ಸರೋವರ, ಅದರ ಸಮೀಪದ ಹಿಮಾಯತ್ ಬಾಗ್ ಇಂದಿಗೂ ಆ ನಗರದ ಉಸಿರು. ಹಿಮಾಯತ್ ಬಾಗಿನಲ್ಲಿ ಕೃಷಿ ವಿದ್ಯಾಪೀಠದ ಹಣ್ಣಿನ ಸಂಶೋಧನೆ ನಡೆಯುತ್ತಿರುವುದರಿಂದಲೇ ಅಲ್ಲಿಯ ಮಾವಿನ ಮರಗಳು ಉಳಿದುಕೊಂಡವು ಎನ್ನಬೇಕು. ಒಡೆಯನಿದ್ದ ಬಯಲು ಉಳಿಯಿತು. ಕೊಳಚೆಯ ಕಾಲುವೆಯಂತಾಗಿದ್ದ ಖಾಮ್ ನದಿಯ ದಂಡೆಯನ್ನು 2021ರಿಂದೀಚೆಗೆ ಪಾಲಿಕೆಯೂ ನಾಗರಿಕರೂ ಕೂಡಿ ಶುಚಿಗೊಳಿಸಿ ತಿರುಗಾಡುವಂತೆ ಮಾಡಿರುವುದನ್ನೂ ಅಲ್ಲಿಯ ನಮ್ಮ ಬಂಧುಗಳು ಕಂಡಿದ್ದಾರೆ. ಕಳೆದದ್ದನ್ನು ಮರಳಿ ಪಡೆಯಬಹುದು. ಆದರೆ ಉಳಿಸಿಕೊಳ್ಳುವುದಕ್ಕಿಂತ ಅದಕ್ಕೆ ಎಷ್ಟು ಹೆಚ್ಚು ದುಡಿಮೆ!

ನಾಸಿಕದ ಮಾತು ಹೇಳುವುದಾದರೆ, ಪಂಚವಟಿ ಎಂಬ ಹೆಸರೇ ಐದು ಆಲದ ಮರಗಳದ್ದು, ತಪೋವನವೆಂದರೆ ಕಾಡು. 2008ರ ಸೆಪ್ಟೆಂಬರಿನಲ್ಲಿ ಗೋದಾವರಿ ಉಕ್ಕಿ ಬಂದು, ತನ್ನ ಬಯಲು ಎಲ್ಲಿಯವರೆಗೆ ಎಂಬುದನ್ನು ತಾನೇ ತೋರಿಸಿಕೊಟ್ಟಳು. ಪ್ರವಾಹದ ನೀಲಿ ರೇಖೆ, ಕೆಂಪು ರೇಖೆಗಳೆಂದು ನಾವು ಕೇಳುವುದು ಇದನ್ನೇ: 25 ವರ್ಷಕ್ಕೊಮ್ಮೆ ಬರಬಹುದಾದ ನೆರೆ ನೀಲಿ, 100 ವರ್ಷಕ್ಕೊಮ್ಮೆ ಬರಬಹುದಾದದ್ದು ಕೆಂಪು. ಇನ್ನು 2026-27ರ ಸಿಂಹಸ್ಥ ಮೇಳದ ಸಾಧುಗ್ರಾಮಕ್ಕಾಗಿ ತಪೋವನದ ಸಾವಿರಕ್ಕೂ ಮೀರಿದ ಮರಗಳ ವಿಷಯವಾಗಿ 2025ರಲ್ಲಿ ನೋಟೀಸು ಹೊರಟಾಗ ಈ ನಗರದ ಜನ ಮರಗಳ ಕೆಳಗೆ ಬಂದು ನಿಂತರು. ಮೇಳ ಬೇಡವೆಂದವರು ಯಾರೂ ಇಲ್ಲ. ಮರವೂ ಬೇಕು ಎಂದರು. ಮೇಳ ಪವಿತ್ರವಾದದ್ದು. ಪವಿತ್ರ ಕಾರ್ಯಕ್ಕೂ ಜಾಗವನ್ನು ವಿವೇಕದಿಂದ ಹುಡುಕಬೇಕು ಎಂಬುದೇ ಅವರ ಮಾತು. ಆ ದಿನಗಳಲ್ಲಿ ನಮ್ಮ ಸಂಘದ ಅನೇಕರು ಆ ಮಾತಿಗೆ ತಲೆದೂಗಿದರು. ತಪೋವನದಲ್ಲಿ ಒಂದು ನ್ಯಾಯ, ನಮ್ಮ ಬಯಲಿನಲ್ಲಿ ಇನ್ನೊಂದು ನ್ಯಾಯ ಆಗಬಹುದೇ?

"ಕನ್ನಡ ಭವನ ಒಳ್ಳೆಯ ಕೆಲಸವಲ್ಲವೇ?" ಎಂದು ಕೇಳುವಿರಿ. ಒಳ್ಳೆಯದೇ. ಆದರೆ ಇದೇ ಪ್ರಶ್ನೆ ನಮ್ಮ ಬೆಂಗಳೂರಿನಲ್ಲಿ ಒಮ್ಮೆ ಎದ್ದಿತ್ತು. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಒಂದು ಆಸ್ಪತ್ರೆಗಾಗಿ ಖಾಸಗಿ ಟ್ರಸ್ಟಿಗೆ ಕೊಟ್ಟರು. ಆಸ್ಪತ್ರೆಗಿಂತ ಒಳ್ಳೆಯ ಕೆಲಸ ಯಾವುದುಂಟು? ಆದರೂ ಅಲ್ಲಿಯ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠ ಅವರ ಪರವಾಗಿ ತೀರ್ಪು ಕೊಟ್ಟಿತು. ಸುಪ್ರೀಂ ಕೋರ್ಟು 1991ರಲ್ಲಿ ಅದನ್ನೇ ಎತ್ತಿಹಿಡಿಯಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಮುದ್ದಪ್ಪ ಅವರ ಮೊಕದ್ದಮೆಯೆಂದು ಅದು ದೇಶದಲ್ಲೆಲ್ಲ ಹೆಸರಾಗಿದೆ. ತೀರ್ಪಿನ ಸಾರವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ, ಉದ್ಯಾನ ಎಲ್ಲರದು, ಆಸ್ಪತ್ರೆ ಅದರ ಬದಲಿಯಾಗಲಾರದು. ಬಡಾವಣೆಯ ನಿವಾಸಿಗೆ ಈ ಮಾತನ್ನು ಕೇಳುವ ಹಕ್ಕು ಉಂಟು. ಕನ್ನಡನಾಡಿನ ನಾಗರಿಕರು ಇಡೀ ದೇಶಕ್ಕೆ ಗಳಿಸಿಕೊಟ್ಟ ಈ ನ್ಯಾಯವನ್ನು ಪರನಾಡಿನಲ್ಲಿ ಕನ್ನಡಿಗರಾದ ನಾವೇ ಮುರಿಯುವುದು ಶೋಭೆಯಲ್ಲ.

ನಾನು ನಾಸಿಕಕ್ಕೆ ವರ್ಗವಾಗಿ ಬರುವ ಮೊದಲು ಸಂಭಾಜಿನಗರದಲ್ಲಿದ್ದೆ. ಅಲ್ಲಿ ನಾವು ಬಾಡಿಗೆಗಿದ್ದ ಬೀದಿಯ ಕೊನೆಗೆ ಇಂಥದೇ ಒಂದು ಬಯಲಿತ್ತು. ಯಾವುದೋ ಒಂದು ಮಂಡಲಿಯವರು ಒಳ್ಳೆಯ ಮನಸ್ಸಿನಿಂದಲೇ ಅಲ್ಲಿ ಸಭಾಗೃಹ ಕಟ್ಟಿದರು. ಹೋದ ಬೇಸಗೆಯಲ್ಲಿ ಹೋಗಿ ನೋಡಿಬಂದೆ. ವರ್ಷದಲ್ಲಿ ಕೆಲವು ದಿನ ಮದುವೆ, ಮುಂಜಿ. ಮಿಕ್ಕ ದಿನ ಬಾಗಿಲಿಗೆ ಬೀಗ. ಬೀಗದ ಕೈ ಒಬ್ಬರ ಮನೆಯಲ್ಲಿ. ಮಕ್ಕಳು ರಸ್ತೆಯಲ್ಲಿ, ವಾಹನಗಳ ನಡುವೆ ಚೆಂಡಾಟವಾಡುತ್ತಿದ್ದರು. ಸಂಜೆ ಕಟ್ಟೆಯ ಮೇಲೆ ಕುಳಿತು ನನ್ನ ಮಗನಿಗೆ ಮರಾಠಿ ಕಲಿಸಿದ ಅಜ್ಜಿ ಈಗ ಮನೆಯಿಂದ ಹೊರಗೆ ಬರುವುದೇ ಇಲ್ಲವಂತೆ. "ಎಲ್ಲಿ ಕುಳಿತುಕೊಳ್ಳಲಿ?" ಎಂದು ನನ್ನನ್ನೇ ಕೇಳಿದರು. ಉತ್ತರ ಹೇಳಲಾಗದೆ ಬಂದೆ.

ಮಳೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ನಮ್ಮ ಇಪ್ಪತ್ತು ಗುಂಟೆಯ ಮೇಲೆ ನೂರು ಮಿಲಿಮೀಟರ್ ಮಳೆ ಸುರಿದರೆ ಸುಮಾರು ಎರಡು ಲಕ್ಷ ಲೀಟರು ನೀರು. ಮಣ್ಣಿದ್ದರೆ ಅದರಲ್ಲಿ ಒಂದಷ್ಟು ಒಳಗಿಳಿಯುತ್ತದೆ. ಗಾರೆ ಹಾಸಿದರೆ ಅಷ್ಟೂ ರಸ್ತೆಗೆ, ರಸ್ತೆಯಿಂದ ತಗ್ಗಿನ ಮನೆಗಳಿಗೆ. ಕೆಳಗಿರುವುದು ಕಪ್ಪು ಬಂಡೆ; ಮೇಲಿನ ಸಡಿಲು ಪದರದಲ್ಲಿ ಮತ್ತು ಬಿರುಕುಗಳಲ್ಲಿ ನಿಂತ ನೀರೇ ನಮ್ಮ ಬೋರುಗಳಿಗೆ ಆಧಾರ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಬಯಲು ಎಂಬುದು ಠೇವಣಿ. ಅದನ್ನು ಮುರಿದರೆ ಬಡ್ಡಿಯೂ ನಿಂತಿತು.

ಇನ್ನೊಂದು ಮಾತನ್ನು ಹೇಳದೆ ಇರಲಾರೆ. ಇಂದು ನಾವು ಕನ್ನಡ ಭವನ ಕಟ್ಟಿದರೆ, ನಾಳೆ ಉಳಿದ ಜಾಗದಲ್ಲಿ ಇನ್ನೊಬ್ಬರು ಮಂದಿರ ಕೇಳುತ್ತಾರೆ, ಮತ್ತೊಬ್ಬರು ವ್ಯಾಯಾಮಶಾಲೆ. ಬೇಡವೆನ್ನಲು ನಮಗೆ ಬಾಯಿ ಇರುವುದಿಲ್ಲ. ಉದ್ಯಾನ, ರಸ್ತೆ ಮುಂತಾದ ಸಾರ್ವಜನಿಕ ಸ್ಥಳಗಳಲ್ಲಿ ಹೊಸದಾಗಿ ಅನಧಿಕೃತ ಪೂಜಾಸ್ಥಳಗಳು ಏಳಕೂಡದೆಂದು ಸುಪ್ರೀಂ ಕೋರ್ಟು 2009ರ ಸೆಪ್ಟೆಂಬರಿನಲ್ಲಿ ಆಜ್ಞೆ ಮಾಡಿದೆ. ಅದನ್ನು ತೋರಿಸಿ ಮಾತನಾಡಬೇಕಾದರೂ ನಮ್ಮ ಕೈ ಶುಭ್ರವಾಗಿರಬೇಕು. ನಾವು ಹೊರಗಿನಿಂದ ಬಂದವರೆಂದು ಅಂಜಿ ಹೇಳುತ್ತಿಲ್ಲ. ಈ ನೆಲದ ಅನ್ನ ಉಂಡವರು, ಈ ಊರಿನ ಮಕ್ಕಳೇ ಆಗಿದ್ದೇವೆ. ಮನೆಯ ಮಗನು ಅಂಗಳವನ್ನು ತನ್ನೊಬ್ಬನ ಹೆಸರಿಗೆ ಮಾಡಿಸಿಕೊಳ್ಳುವುದಿಲ್ಲ, ಅಷ್ಟೇ.

ಹಾಗಾದರೆ ಮಾಡಬೇಕಾದುದೇನು? ನನ್ನ ಅಲ್ಪಬುದ್ಧಿಗೆ ತೋಚಿದ ನಾಲ್ಕು ಕೆಲಸಗಳಿವೆ.

ಮೊದಲನೆಯದಾಗಿ, ಮಂಜೂರಾದ ನಕ್ಷೆಯ ದೃಢೀಕೃತ ಪ್ರತಿಯನ್ನೂ ಸಾತ್‌ಬಾರಾ ಉತಾರೆಯನ್ನೂ ತರಿಸಿ, ಬಯಲು ಯಾರ ಹೆಸರಿನಲ್ಲಿದೆ ಎಂದು ನೋಡಬೇಕು. ಎಷ್ಟೋ ಕಡೆ ಅದು ಹಳೆಯ ಮಾಲೀಕನ ಹೆಸರಿನಲ್ಲಿಯೇ ಉಳಿದಿರುತ್ತದೆ. ವಿಪತ್ತು ಅಲ್ಲಿಂದಲೇ ಹುಟ್ಟುತ್ತದೆ.

ಎರಡನೆಯದಾಗಿ, ಕನ್ನಡಿಗರು ಮಾತ್ರವಲ್ಲದೆ ಬಡಾವಣೆಯ ಎಲ್ಲ ಮನೆಯವರೂ ಸಹಿ ಮಾಡಿ ಪಾಲಿಕೆಗೆ ಅರ್ಜಿ ಕೊಡಬೇಕು: ಸುತ್ತ ತಂತಿಬೇಲಿ, ಇದು ಸಾರ್ವಜನಿಕ ಬಯಲೆಂಬ ಫಲಕ, ಮರಗಳ ಎಣಿಕೆ. ನಗರ ಪ್ರದೇಶದ ಮರಗಳ ರಕ್ಷಣೆಗೆ ಈ ರಾಜ್ಯದಲ್ಲಿ 1975ರ ಕಾಯಿದೆಯುಂಟು. 2021ರ ತಿದ್ದುಪಡಿಯಂತೆ ಐವತ್ತು ವರ್ಷ ದಾಟಿದ ಮರ ಪಾರಂಪರಿಕ ಮರವೆನಿಸುತ್ತದೆ. ನಮ್ಮ ಹುಣಿಸೆ ಆ ಪಂಕ್ತಿಗೆ ಸೇರಿದರೂ ಸೇರಬಹುದು.

ಮೂರನೆಯದಾಗಿ, ಬಯಲನ್ನು ಬಯಲಾಗಿಯೇ ಇಡಬೇಕು. ಬಣ್ಣದ ಕಲ್ಲು ಹಾಸಿ, ಕಾರಂಜಿ ಇಟ್ಟು ಅಂದಗೆಡಿಸುವುದು ಬೇಡ. ಅಂಚಿನಲ್ಲಿ ಬೇವು, ಹೊಂಗೆ; ಹಿರಿಯರಿಗೆ ನಾಲ್ಕು ಕಲ್ಲುಬೆಂಚು; ನಡುವೆ ಮಕ್ಕಳಿಗೆ ಮಣ್ಣು.

ನಾಲ್ಕನೆಯದಾಗಿ, ಭವನದ ಕನಸನ್ನು ಬಿಡಬೇಕಾಗಿಲ್ಲ. ತಿಂಗಳಿಗಿಷ್ಟೆಂದು ನಿಧಿ ಕೂಡಿಸಿ ನಮ್ಮದೇ ನಿವೇಶನ ಕೊಳ್ಳೋಣ. ಹತ್ತು ವರ್ಷವಾದರೂ ಆಗಲಿ. ಅಲ್ಲಿಯವರೆಗೆ ಬಾಡಿಗೆಯ ಸಭಾಗೃಹ ಇದ್ದೇ ಇದೆ. ಹುಣಿಸೆಯ ನೆರಳಂತೂ ಬಾಡಿಗೆ ಕೇಳುವುದಿಲ್ಲ. ನಿಧಿಯ ಲೆಕ್ಕವನ್ನು ಇಡುವ ಹೊಣೆ ನನ್ನದು.

ಹೋದ ವರ್ಷ ನಾನು ಬರೆದ ಅಂದಾಜು ಪಟ್ಟಿಯನ್ನು ಈ ಸಭೆಯ ಮುಂದೆ ಹಿಂತೆಗೆದುಕೊಳ್ಳುತ್ತಿದ್ದೇನೆ. ಚಪ್ಪಾಳೆ ತಟ್ಟಿದ ಕೈಯಿಂದಲೇ ಇದನ್ನು ಮಾಡುವುದು ಸುಲಭವಲ್ಲ. ಹಿರಿಯರು ಬೇಸರಿಸಬಾರದು. ಮುಂದಿನ ನವೆಂಬರ್ ಒಂದರಂದು ಬಾವುಟ ಏರುವಾಗ ಅದರ ಸುತ್ತ ಎಲ್ಲ ಭಾಷೆಯ ಮಕ್ಕಳೂ ನಿಲ್ಲುವಷ್ಟು ಜಾಗ ಉಳಿದಿರಲಿ ಎಂಬುದೇ ನನ್ನ ಪ್ರಾರ್ಥನೆ.