ಹಳೇ ಮಷೀನಿಗೆ ಇನ್ನು ಕನ್ನಡ ಬರೋದಿಲ್ಲ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ಮುಗೀತು. ಮಹಾರಾಷ್ಟ್ರದ ಗಡಿಯಲ್ಲಿರುವ ಸಾಂಗ್ಲಿ-ಮಿರಜದ ಡಿ.ಟಿ.ಪಿ. ಅಂಗಡಿಗಳಿಗೆ ಇದೇನು ಹೊಸದಲ್ಲ ನೋಡ್ರಿ. ವಿಂಡೋಸ್ 98 ಅನ್ನು 2006ರಲ್ಲಿ, ಎಕ್ಸ್‌ಪಿಯನ್ನು 2014ರಲ್ಲಿ, ಏಳನ್ನು 2020ರಲ್ಲಿ ಹೀಗೇ ಕೈಬಿಟ್ಟಿದ್ದರು. ಮಷೀನೇನೂ ನಿಂತುಹೋಗೋದಿಲ್ಲ, ಮರುದಿನ ಬೆಳಿಗ್ಗೆಯೂ ಶುರುವಾಗ್ತದೆ. ಆಮೇಲೆ ಒಂದೊಂದೇ ಸಾಫ್ಟ್‌ವೇರು ‘ನಾನಿಲ್ಲಿ ಬರೋದಿಲ್ಲ’ ಅಂತ ಮುಖ ತಿರುಗಿಸ್ತದೆ. ಕ್ರೋಮ್ 2016ರಲ್ಲಿ ಎಕ್ಸ್‌ಪಿಯನ್ನು ಬಿಟ್ಟಿತು, ಫೈರ್‌ಫಾಕ್ಸ್ 2018ರಲ್ಲಿ. ಈ ಕೈಬಿಡುವ ಆಟದಲ್ಲಿ ಕನ್ನಡದ ಪಾಡು ಏನಾಯ್ತು ಅನ್ನೋದು ನನ್ನ ಬಹುದಿನದ ಹುಚ್ಚು.

ಕಥೆಯನ್ನು ವಿಂಡೋಸಿಗಿಂತ ಹಿಂದಿನ ಡಾಸ್ ಕಾಲದಿಂದ ಹಿಡಿಯಬೇಕು, ಅಂದರೆ ಕೆ.ಪಿ. ರಾವ್ ಅವರಿಂದ. ಮಂಗಳೂರು ಕಡೆಯ ಕಿನ್ನಿಕಂಬಳದವರು. ಮುಂಬಯಿಯ ಟಾಟಾ ಸಂಶೋಧನ ಸಂಸ್ಥೆಯಲ್ಲಿ ದುಡಿದವರು, ಅಕ್ಷರ ಜೋಡಣೆಯ ಮೋಹಕ್ಕೆ ಬಿದ್ದವರು. ಅವರು ಡಾಸ್‌ನಲ್ಲಿ ಕನ್ನಡ ಬರೆಯುವ ಒಂದು ಸಾಫ್ಟ್‌ವೇರು ಮಾಡಿದರು. ಹೆಸರು ಏನಿಟ್ಟರು ಗೊತ್ತೇನ್ರಿ? ‘ಸೇಡಿಯಾಪು’. ಛಂದಸ್ಸಿನ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರು! ಮಾಡಿದ್ದನ್ನು ಮಾರಲಿಲ್ಲ, ಪುಕ್ಕಟೆ ಹಂಚಿದರು. ಇಂಗ್ಲಿಷ್ ಕೀಲಿಮಣೆಯ 26 ಅಕ್ಷರದ ಗುಂಡಿಗಳಲ್ಲೇ ನಮ್ಮ ಇಡೀ ವರ್ಣಮಾಲೆ ಕೂತಿತು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಒತ್ತಕ್ಷರ ಬೇಕಾದರೆ ನಡುವೆ ಒಂದು ಎಫ್. ಇಷ್ಟೇ. ಮುಂದೆ ಕರ್ನಾಟಕ ಸರ್ಕಾರ ಈ ವಿನ್ಯಾಸವನ್ನೇ ಅಧಿಕೃತ ಮಾಡಿತು. ಡಾಸ್ ಹೋಯಿತು, 64 ಬಿಟ್‌ನ ವಿಂಡೋಸಂತೂ ಡಾಸ್ ಕಾಲದ ಪ್ರೋಗ್ರಾಮನ್ನು ಮೂಸಿಯೂ ನೋಡೋದಿಲ್ಲ. ಆದರೆ ಟೈಪಿಂಗ್ ಕಲಿತವರ ಬೆರಳಿನಲ್ಲಿ ರಾವ್ ಅವರ ಕೀಲಿಮಣೆ ಇವತ್ತಿಗೂ ಓಡಾಡ್ತಿದೆ. ನನಗೆ ಇದನ್ನು ನೆನೆದಾಗಲೆಲ್ಲ ಖುಷಿ.

1998ರಲ್ಲಿ ಶೇಷಾದ್ರಿವಾಸು ಅವರ, ವಿಂಡೋಸಿನಲ್ಲಿ ಕನ್ನಡ ಬರೆಯುವ ‘ಬರಹ’ ಬಂತು, ಸ್ವಲ್ಪ ಕಾಲದಲ್ಲೇ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು.

ಗಡಿಯವರಿಗೆ ಚುಚ್ಚುವ ಸಂಗತಿ ಬೇರೆ ಇದೆ. ವಿಂಡೋಸ್ 2000 ಬಂದಾಗ ಅದರಲ್ಲಿ ಯುನಿಕೋಡ್‌ನ (ಎಲ್ಲ ಮಷೀನಿಗೂ ಒಂದೇ ಆದ ಅಕ್ಷರ ಸಂಕೇತದ) ದೇವನಾಗರಿ ಇತ್ತು, ತಮಿಳು ಇತ್ತು, ಕನ್ನಡ ಇರಲಿಲ್ಲ. ಮಿರಜದಲ್ಲಿ ಒಂದೇ ಮಷೀನಿನ ಮುಂದೆ ಕೂತವರಿಗೆ ಮರಾಠಿ ಸಿಕ್ಕಿತು, ಕನ್ನಡಕ್ಕೆ 2001ರ ಎಕ್ಸ್‌ಪಿ ತನಕ ಕಾಯಬೇಕಾಯ್ತು. ಅಲ್ಲಾದರೂ ಅದರ ಕನ್ನಡ ಫಾಂಟ್ ತುಂಗಾ ಸುಮ್ಮನೆ ಬರಲಿಲ್ಲ. ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ ಒಂದು ಚೌಕಕ್ಕೆ ಗುರುತು ಹಾಕಬೇಕು, ಆಗ ಅದು ‘ಎಕ್ಸ್‌ಪಿ ಸಿ.ಡಿ. ಹಾಕಿ’ ಅನ್ನೋದು. ಸಿ.ಡಿ. ಎಲ್ಲಿಂದ ತರೋದ್ರಿ?

ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಲಗ್ನಪತ್ರಿಕೆ ಮುಹೂರ್ತ ದಾಟಿ ಕಾಯ್ತದೇನು? ಹಾಗಾಗಿ ಕೆಲಸವೆಲ್ಲ ನುಡಿ, ಬರಹದ ಹಳೇ ಫಾಂಟಿನಲ್ಲೇ ಸಾಗಿತು. ಆ ಫಾಂಟಿನ ಉಪಾಯ ಬುದ್ಧಿವಂತಿಕೆಯದು: ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸೋದು. ಫಾಂಟ್ ಇರುವ ತನಕ ಎಲ್ಲ ಚೆಂದ. ಇಲ್ಲದ ಮಷೀನಿನಲ್ಲಿ ಫೈಲು ತೆರೆದರೆ ‘ಕನ್ನಡ’ ಅನ್ನೋ ಜಾಗದಲ್ಲಿ ಒಂದು ಪಿ, ತಲೆಯ ಮೇಲೆ ಗೀಟಿರುವ ಒಂದು ಎ, ಅದರ ಪಕ್ಕ ಬ್ರಿಟಿಷರ ಪೌಂಡಿನ ಗುರುತು!

ಹಳೇದನ್ನು ಬಿಡುವವರನ್ನು ನಾನು ಬೈಯೋದಿಲ್ಲ. ಹತ್ತು ನಮೂನೆಯ ಹಳೇ ಮಷೀನು ಇಟ್ಟುಕೊಂಡು ಪ್ರತಿ ಸಲ ಪರೀಕ್ಷೆ ಮಾಡೋದು ಯಾರಿಗೆ ಸಾಧ್ಯ? ರಕ್ಷಣೆ ಇಲ್ಲದ ಮಷೀನು ಜಾಲಕ್ಕೆ ಸಿಕ್ಕಿಸಿಕೊಂಡು ಕೂತರೆ ಅಪಾಯವೂ ಹೌದು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನೋ ಕಂಪ್ಯೂಟರ್ ಪಿಡುಗು ಬಂದಾಗ, ಮೂರು ವರ್ಷದ ಹಿಂದೆ ಬಿಟ್ಟ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತೇಪೆ ಹಾಕಬೇಕಾಯ್ತು.

ನನ್ನ ತಕರಾರು ಬೇರೆ: ಹಳೇದರಿಂದ ಹೊಸದಕ್ಕೆ ಸಾಮಾನು ದಾಟಿಸುವ ವ್ಯವಸ್ಥೆಯನ್ನು ಅವರು ಮಾಡಲಿಲ್ಲ. ಮಿರಜ ಸ್ಟೇಶನ್ನಿನಲ್ಲಿ ಒಂದು ಕಾಲಕ್ಕೆ ಬ್ರಾಡ್‌ಗೇಜ್, ಮೀಟರ್‌ಗೇಜ್, ನ್ಯಾರೋಗೇಜ್ ಮೂರೂ ಹಳಿ ಇದ್ದವು. ಪಂಢರಪುರದ ಕಡೆಯಿಂದ ಬಾರ್ಶಿ ಲೈಟ್ ರೇಲ್ವೆ ಇಲ್ಲಿಗೆ ಮುಟ್ಟಿದ್ದು 1927ರಲ್ಲಿ. ಒಂದು ಹಳಿಯ ಡಬ್ಬಿ ಇನ್ನೊಂದರ ಮೇಲೆ ಓಡೋದಿಲ್ಲ, ಆದರೆ ಮೂಟೆಗಳನ್ನು ಇಳಿಸಿ ಏರಿಸೋಕೆ ಜಾಗ ಇತ್ತು, ಹಮಾಲರಿದ್ದರು. ಕನ್ನಡದಲ್ಲಿ ಆ ಹಮಾಲಿಯನ್ನು ಆಸಕ್ತಿ ಇದ್ದವರೇ ರಾತ್ರಿ ನಿದ್ದೆಗೆಟ್ಟು, ಹಳೇ ಫಾಂಟಿನ ಬರವಣಿಗೆಯನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕ ಬರೆದು ಮಾಡಿದರು. ಅಂಥ ಪರಿವರ್ತಕ ಇರೋದು ಗೊತ್ತಾಗದೆ ಫ್ಲಾಪಿಗಳಲ್ಲೇ ಉಳಿದುಹೋದ ಶಾಲಾ ವಾರ್ಷಿಕ ಸಂಚಿಕೆಗಳನ್ನು ನೆನೆದರೆ ಹೊಟ್ಟೆ ಉರೀತದೆ.

ಮುಕ್ತ ತಂತ್ರಾಂಶದವರೂ ಹಳೇ ಮಷೀನನ್ನು ಬಿಡ್ತಿದ್ದಾರೆ. 2025ರ ಆಗಸ್ಟಿನಲ್ಲಿ ಬಂದ ಲಿನಕ್ಸಿನ ಡೆಬಿಯನ್ 13ರಲ್ಲಿ 32 ಬಿಟ್‌ನ ಹಳೇ ಪಿ.ಸಿ.ಗೆ ಇನ್‌ಸ್ಟಾಲರ್ರೇ ಇಲ್ಲ. ಹಳೇ ಡಬ್ಬಾಕ್ಕೆ ಲಿನಕ್ಸ್ ಹಾಕಿ ಅಂತ ಇಷ್ಟು ವರ್ಷ ಎಲ್ಲರಿಗೂ ಉಪದೇಶ ಮಾಡಿದವನಿಗೆ ಇದು ಬೇಜಾರೇ.

ಆದ್ದರಿಂದ ಅಟ್ಟದ ಮೇಲಿನ ಎಕ್ಸ್‌ಪಿ ಮಷೀನನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ಚಾಲೂ ಮಾಡಿ ನೋಡ್ರಿ. ನುಡಿಯ, ಬರಹದ ಫೈಲು ಸಿಕ್ಕರೆ ಪೆನ್‌ಡ್ರೈವಿಗೆ ತಗೊಳ್ರಿ, ಫಾಂಟ್ ಫೈಲನ್ನೂ ಜೊತೆಗೇ ತಗೊಳ್ರಿ, ಯುನಿಕೋಡ್‌ಗೆ ಬದಲಿಸ್ರಿ. ಬದಲಿಸಿದ ಮೇಲೆ ಅರ್ಕಾವತ್ತನ್ನು ಕಣ್ಣಿಟ್ಟು ನೋಡ್ರಿ, ತಪ್ಪುಗಳು ಅಡಗಿ ಕೂರೋದು ಹೆಚ್ಚಾಗಿ ಅಲ್ಲೇ.