ಮೂರು ಮೆಟ್ಟಿಲು

ಮಳೆ ಗಾಳಿಗಳಿಗೆ ಒಮ್ಮೆಗೇ ಮುನಿಯುವ ಮೊಬೈಲ್ ಸಂಪರ್ಕವನ್ನು ನೆಚ್ಚಿ, ಸಿದ್ದಾಪುರದ ಮನೆಯ ಜಗಲಿಯಲ್ಲಿ ಕುಳಿತು, ಅಂಗವೈಕಲ್ಯ ಮತ್ತು ಸಮಾಜವೆಂಬ ಸ್ನಾತಕೋತ್ತರ ಪಾಠಗಳನ್ನು ಆನ್‌ಲೈನಿನಲ್ಲಿ ಆಲಿಸುವುದು, ಐವತ್ತು ದಾಟಿದ ನನಗೆ ಮೊದಮೊದಲು ತುಸು ಹಾಸ್ಯಾಸ್ಪದವೆನಿಸಿದ್ದುಂಟು. ಆದರೆ ಕುಂದು ದೇಹದ್ದಲ್ಲ, ಆ ದೇಹಕ್ಕೆ ಎಡೆಗೊಡದ ಸಮಾಜದ್ದೆಂಬ ವಿಚಾರಕ್ಕೆ, ಸ್ವತಃ ಗಾಲಿಕುರ್ಚಿಯಲ್ಲಿ ಸಂಚರಿಸುತ್ತಿದ್ದ ಬ್ರಿಟನ್ನಿನ ಮೈಕೆಲ್ ಆಲಿವರರು 1983ರಲ್ಲಿ ‘ಸಾಮಾಜಿಕ ಮಾದರಿ’ಯೆಂದು ಹೆಸರಿಟ್ಟರೆಂಬುದನ್ನು ಕೇಳಿದಂದು, ನನ್ನ ಕಣ್ಮುಂದೆ ಸುಳಿದದ್ದು ನಮ್ಮ ಪೇಟೆಯ ದಿನಸಿ ಅಂಗಡಿಯೊಂದರ ಮೂರು ಕಲ್ಲುಮೆಟ್ಟಿಲು.

ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ನಡುವಿನ ಕೆಳಗೆ ಸ್ವಾಧೀನ ತಪ್ಪಿದ, ತೋಟದ ಕೂಲಿಕಾರರ ಲೈನ್‌ಮನೆಯ ಹಿರಿಯನೊಬ್ಬನು ಸಂತೆಯ ದಿನ ಆಟೋದಲ್ಲಿ ಬಂದು, ಆ ಮೆಟ್ಟಿಲುಗಳ ಕೆಳಗಿನಿಂದಲೇ ಕೂಗಿ ಸಾಮಾನು ತರಿಸಿಕೊಳ್ಳುತ್ತಾನೆ. ಅಂಗಡಿಯವರ ಔದಾರ್ಯಕ್ಕೇನೂ ಕಡಮೆಯಿಲ್ಲ. ಅಕ್ಕಿಯನ್ನು ಅಂಗೈಯಲ್ಲಿ ಹರಡಿ, ಮೂಸಿ, ಬೇಡವೆನ್ನುವ ಸ್ವಾತಂತ್ರ್ಯ ಮಾತ್ರ ಆತನಿಗಿಲ್ಲ. ಅಂಗವಿಕಲರ ಕುರಿತ ನಮ್ಮ ದೇಶದ 1995ರ ಕಾಯಿದೆಯು ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿದ್ದರೆ, 2016ರದು ಇಪ್ಪತ್ತೊಂದನ್ನು ಗುರುತಿಸಿತು; ಮೆಟ್ಟಿಲುಗಳು ಮಾತ್ರ ಮೂರೇ ಉಳಿದವು.

ಪರೀಕ್ಷೆಗೆಂದು ಬರೆದ ಪ್ರಬಂಧದಲ್ಲಿ ಇದನ್ನೇ ವಿವರಿಸಿ, ಅಂಗಡಿಯವರಿಗೂ ಓದಿ ಹೇಳಿದೆನು. ಮೊನ್ನೆ ಅವರು ಮೆಟ್ಟಿಲಿಗೆ ಸಿಲ್ವರ್ ಓಕಿನ ಹಲಗೆಯೊಂದನ್ನು ಒರಗಿಸಿದ್ದರು. ಇಳಿಜಾರು ಕಡಿದಾಯಿತೆಂದು ಹಿರಿಯನು ಗೊಣಗಿದನು. ಗೊಣಗುತ್ತಲೇ, ಗಾಲಿಕುರ್ಚಿಯನ್ನು ಇಬ್ಬರಿಂದ ತಳ್ಳಿಸಿಕೊಂಡು ಒಳಹೊಕ್ಕು, ಅಕ್ಕಿಯ ಮೂಟೆಗೆ ಕೈಯಿಕ್ಕಿದನು.