ಒಂದೇ ದಿನಕ್ಕೆ ಮೂರು ರಜೆ

(2026ರ ಮೇ 1ರಂದು ಟಿಟ್ವಾಳಾದಲ್ಲಿ ಸೇರಿದ ನಮ್ಮ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಬೆಳಿಗ್ಗೆ ಕಲ್ಯಾಣದಲ್ಲಿ ಗಾಡಿ ಬದಲಿಸಿ, ಶಹಾಡ, ಆಂಬಿವಲಿ ದಾಟಿ, ಈ ಉರಿಬಿಸಿಲಿನಲ್ಲಿ ತಾವೆಲ್ಲ ಇಷ್ಟು ದೂರ ಬಂದಿದ್ದೀರಿ. ಕೆಲವರು ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟೇ ಬಂದವರೆಂದು ನಮಗೆ ಗೊತ್ತು. ಮಹಾಗಣಪತಿಯ ದರ್ಶನವಾಯಿತು, ಊಟವೂ ಆಯಿತು. ಕಣ್ಣು ಎಳೆಯುವ ಹೊತ್ತಿಗೆ ಭಾಷಣ ಬಂದಿದೆ. ಆದ್ದರಿಂದ ನಾವು ಉದ್ದ ಮಾಡುವುದಿಲ್ಲ.

ಮನೆಯ ಗೋಡೆಯಲ್ಲಿ ತೂಗುವ ಪಂಚಾಂಗದಲ್ಲಿ ಇಂದಿನ ಮನೆಯನ್ನು ನೋಡಿದರೆ ಮೂರು ಹೆಸರು ಕಾಣುತ್ತವೆ. ಒಂದು ಕಾರ್ಮಿಕರ ದಿನ. ಎರಡು ಮಹಾರಾಷ್ಟ್ರ ದಿನ. ಮೂರು ಬುದ್ಧ ಪೂರ್ಣಿಮೆ. ಮೂರೂ ಶುಕ್ರವಾರವೊಂದರ ತಲೆಯ ಮೇಲೆ ಕುಳಿತಿವೆ. ದಾರಿಯಲ್ಲಿ ಬರುವಾಗ ಒಬ್ಬ ಹುಡುಗ ನಮ್ಮನ್ನು ಕೇಳಿದ: "ಅಣ್ಣ, ಮೂರು ಹಬ್ಬ ಬಂದರೆ ಮೂರು ದಿನ ರಜೆ ಕೊಡಬೇಕಲ್ಲವೇ?" ನಕ್ಕೆವು. ಆಮೇಲೆ ಯೋಚಿಸಿದರೆ ನಗುವ ಮಾತಾಗಿ ಕಾಣಲಿಲ್ಲ.

ನಾವು ಕುಳಿತಿರುವ ಈ ಊರಿನ ಲೆಕ್ಕವನ್ನೇ ನೋಡಿರಿ. ತಿಂಗಳಿಗೊಂದು ಸಂಕಷ್ಟಿ ಬರುತ್ತದೆ. ಅದೇ ಸಂಕಷ್ಟಿ ಮಂಗಳವಾರ ಬಿದ್ದರೆ ಅಂಗಾರಕಿ. ಇನ್ನು ನಾಲ್ಕು ದಿನ ಕಳೆದರೆ, ಮೇ 5ರ ಮಂಗಳವಾರ, ಅಂಗಾರಕಿಯೇ ಇದೆ. ಅಂದು ಈ ಬೀದಿಯಲ್ಲಿ ಕಾಲಿಡಲು ಜಾಗವಿರದು. ಒಂದು ಅಂಗಾರಕಿಯ ಉಪವಾಸಕ್ಕೆ ಎಷ್ಟೋ ಸಂಕಷ್ಟಿಗಳ ಫಲವೆಂದು ಜನ ನಂಬುತ್ತಾರೆ. ದೇವರ ಲೆಕ್ಕದಲ್ಲಿ ಎರಡು ದಿನ ಕೂಡಿದರೆ ಫಲ ಹೆಚ್ಚು. ಧಣಿಯ ಲೆಕ್ಕದಲ್ಲಿ ಎರಡು ದಿನ ಕೂಡಿದರೆ ರಜೆ ಒಂದು ಕಮ್ಮಿ! ಅಂಗಾರಕಿಯ ದಿನ ಹೋಟೆಲಿನವನಿಗೆ ಉಪವಾಸವೂ ಇಲ್ಲ, ದರ್ಶನವೂ ಇಲ್ಲ. ಊರವರ ಉಪವಾಸಕ್ಕೆ ಸಾಬೂದಾಣಿ ಖಿಚಡಿ ಮಾಡಿ ಮಾಡಿ ಅವನ ಕೈ ಸೋಲುತ್ತದೆ, ಅಷ್ಟೇ.

ಮೇ 1 ನಮಗೆ ಬಿಟ್ಟಿಯಾಗಿ ಬಂದ ದಿನವಲ್ಲ. 1886ರಲ್ಲಿ ಅಮೆರಿಕದ ಶಿಕಾಗೋ ಮೊದಲಾದ ಊರುಗಳ ಕಾರ್ಮಿಕರು ದಿನಕ್ಕೆ ಎಂಟೇ ತಾಸು ಕೆಲಸವೆಂದು ಹಟ ಹಿಡಿದರು. ರಕ್ತ ಹರಿಯಿತು, ನೇಣೂ ಆಯಿತು. 1889ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಕಾರ್ಮಿಕ ಪ್ರತಿನಿಧಿಗಳು ಈ ದಿನವನ್ನು ಎಲ್ಲ ದೇಶಗಳಿಗೂ ಗೊತ್ತುಮಾಡಿದರು. ನಮ್ಮ ದೇಶದಲ್ಲಿ 1923ರಲ್ಲಿ ಮದರಾಸಿನಲ್ಲಿ ಸಿಂಗಾರವೇಲು ಅವರು ಮೊದಲ ಮೇ ದಿನವನ್ನು ಆಚರಿಸಿದರು. ಆಮೇಲೆ 1960ರ ಮೇ 1ರಂದು ಮುಂಬಯಿ ರಾಜ್ಯ ಒಡೆದು ಮಹಾರಾಷ್ಟ್ರ, ಗುಜರಾತ ಎರಡೂ ಹುಟ್ಟಿದವು. ಸಂಯುಕ್ತ ಮಹಾರಾಷ್ಟ್ರದ ಚಳವಳಿಯಲ್ಲಿ ಗುಂಡಿಗೆ ಬಲಿಯಾದವರಲ್ಲಿ ಗಿರಣಿಯವರೂ ಇದ್ದರು. ಹುತಾತ್ಮಾ ಚೌಕದ ಕಂಬದ ಮುಂದೆ ಇಂದಿಗೂ ಹೂವು ಬೀಳುವುದು ಅವರಿಗಾಗಿ. ನಮ್ಮ ಹಿರಿಯರ ಸ್ಥಿತಿ ಆಗ ವಿಚಿತ್ರ. 1956ರ ನವೆಂಬರ 1ರಂದು ಬೆಳಗಾವಿ, ವಿಜಾಪುರ, ಧಾರವಾಡ, ಕಾರವಾರ ಜಿಲ್ಲೆಗಳು ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದವು. ಊರು ಆಚೆ ಹೋಯಿತು, ಊರಿನ ಮನುಷ್ಯ ಪರಳಿನ ಚಾಳಿನಲ್ಲೇ ಉಳಿದ. ಹೀಗೆ ನಮಗೆ ನವೆಂಬರ 1 ಒಂದು, ಮೇ 1 ಒಂದು. ಎರಡೂ ನಮ್ಮವೇ.

ಬುದ್ಧ ಪೂರ್ಣಿಮೆಯನ್ನು ನಮ್ಮವರಲ್ಲಿ ಕೆಲವರು ದೂರದ್ದೆಂದು ತಿಳಿಯುತ್ತಾರೆ. ವರ್ಲಿ, ನಾಯಗಾಂವ ಚಾಳುಗಳಲ್ಲಿ ಒಂದೇ ನಳಕ್ಕೆ ಕೊಡ ಹಿಡಿದವರಿಗೆ ಅದು ದೂರದ್ದಲ್ಲ. ಡಾಕ್ಟರ ಅಂಬೇಡ್ಕರರು ನಾಗಪುರದಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡದ್ದು 1956ರ ಅಕ್ಟೋಬರ 14ರಂದು. ಅದು ವಿಜಯದಶಮಿಯ ದಿನ. ಅದೇ ವಿಜಯದಶಮಿ 2025ರಲ್ಲಿ ಅಕ್ಟೋಬರ 2ಕ್ಕೆ ಬಂತು. ಗಾಂಧೀ ಜಯಂತಿ, ದಸರೆ, ದೀಕ್ಷೆಯ ನೆನಪು ಎಲ್ಲ ಒಟ್ಟಿಗೆ. ಆ ವರ್ಷವೂ ಪಗಾರದ ಪುಸ್ತಕದಲ್ಲಿ ಒಂದೇ ರಜೆ ಬರೆಯಲ್ಪಟ್ಟಿತು.

ದಿನವೊಂದಕ್ಕೆ ಎರಡು ಹೆಸರಿರುವುದರಿಂದ ಕಾರ್ಮಿಕನಿಗೆ ಲಾಭವಾದ ಕಾಲವೂ ಇತ್ತು. ಗಿರಣಿಯ ಹಿರಿಯರು ನಾರಾಯಣ ಮೇಘಾಜಿ ಲೋಖಂಡೆಯವರ ಹೆಸರನ್ನು ಬಲ್ಲರು. ಹೋಟೆಲಿನ ಹುಡುಗರು ಇಂದು ಕೇಳಿರಲಿ. ಆ ಕಾಲದಲ್ಲಿ ಗಿರಣಿಗೆ ವಾರದ ರಜೆಯಿರಲಿಲ್ಲ. ಭಾನುವಾರ ಕೂಡ ಯಂತ್ರ ಒರೆಸಲು ಕರೆಯುತ್ತಿದ್ದರು. ಲೋಖಂಡೆಯವರು 1884ರಿಂದ ಅರ್ಜಿ, ಸಭೆ ಎಂದು ಹೋರಾಡಿದರು. 1890ರ ಏಪ್ರಿಲ್ 24ರಂದು ಅವರು ಕರೆದ ಸಭೆಗೆ ಸುಮಾರು 10,000 ಮಂದಿ ಬಂದರು, ಇಬ್ಬರು ಹೆಂಗಸರೂ ಎದ್ದು ಮಾತನಾಡಿದರು. ಅದೇ ವರ್ಷ ಜೂನ್ 10ರಂದು ಮುಂಬಯಿಯ ಗಿರಣಿ ಮಾಲಕರು ಭಾನುವಾರದ ರಜೆಗೆ ಒಪ್ಪಿದರು. ಭಾನುವಾರವನ್ನೇ ಏಕೆ ಕೇಳಿದರು? ಅದು ಸಾಹೇಬನಿಗೆ ಇಗರ್ಜಿಯ ದಿನ, ನಮ್ಮವರಿಗೆ ಖಂಡೋಬನ ದಿನ ಎಂದು ಲೋಖಂಡೆಯವರು ವಾದಿಸಿದರೆಂದು ಹೇಳುವುದುಂಟು. ಖಂಡೋಬನೆಂದರೆ ಬೇರೆ ಯಾರೂ ಅಲ್ಲ, ನಮ್ಮ ಮೈಲಾರಲಿಂಗನೇ. ವಿಜಾಪುರ, ಬೆಳಗಾವಿ ಕಡೆಯಿಂದ ಬಂದ ಗಿರಣಿಯವರಿಗೂ ಭಾನುವಾರ ಭಂಡಾರ ಹಚ್ಚುವ ವಾರವೇ. ಎರಡು ದೇವರು ಒಂದೇ ವಾರವನ್ನು ಹಂಚಿಕೊಂಡರು, ಲಾಭ ಗಿರಣಿಯ ಮನುಷ್ಯನಿಗಾಯಿತು.

ಗಿರಣಿಗಳ ಭೋಂಗಾ ಈಗ ನಿಂತಿದೆ. 1982ರ ಜನವರಿ 18ರಂದು ಆರಂಭವಾದ ಮುಷ್ಕರದ ಆನಂತರ ಏನೇನಾಯಿತೆಂದು ತಮಗೆ ಹೇಳಬೇಕಿಲ್ಲ. ಲೋಖಂಡೆಯವರ ಭಾನುವಾರವೂ ಹೋಟೆಲಿನವನ ಪಾಲಿಗೆ ಬರಲೇ ಇಲ್ಲ. ಅಂದು ಗಲ್ಲೆಯ ಮುಂದೆ ಸಾಲು ಹೆಚ್ಚು.

2023ರಲ್ಲಿ ನಾವು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳಬೇಕು. ಆ ವರ್ಷ ಸೆಪ್ಟೆಂಬರ 28ರಂದು ಅನಂತ ಚತುರ್ದಶಿ, ಅಂದೇ ಈದ್-ಎ-ಮಿಲಾದ್. ನಮ್ಮ ಸದಸ್ಯರಿದ್ದ ಒಂದು ಹೋಟೆಲಿನಲ್ಲಿ ಹದಿನೆಂಟು ಮಂದಿ. ಭಟ್ಟಿಯಲ್ಲಿ ಕುಂದಾಪುರದವರು, ಟೇಬಲಿಗೆ ಮರಾಠಿ ಹುಡುಗರು, ಮೋರಿಯಲ್ಲಿ ಮತ್ತು ಜ್ಯೂಸಿನ ಕಟ್ಟೆಯಲ್ಲಿ ಮೂವರು ಮುಸಲ್ಮಾನ ಹುಡುಗರು. ಇವರು ವಿಸರ್ಜನೆಗೆ ರಜೆ ಕೇಳಿದರು, ಅವರು ಮಿಲಾದಿಗೆ ಕೇಳಿದರು. ಧಣಿಗಳು ನಮ್ಮ ಕಡೆಯವರೇ, ಕೆಟ್ಟವರೂ ಅಲ್ಲ. "ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಬೇಸರ. ಅದಕ್ಕೆ ಯಾರಿಗೂ ಇಲ್ಲ" ಎಂದುಬಿಟ್ಟರು. ಧಣಿಗಳ ಮೇಲೆ ಬರಬೇಕಾದ ಸಿಟ್ಟು ಹುಡುಗರಿಗೆ ತಮ್ಮತಮ್ಮ ಮೇಲೆಯೇ ಬಂತು. ಒಂದೇ ಕೋಣೆಯಲ್ಲಿ ಚಾಪೆ ಹಾಸಿ ಮಲಗುವವರು ಎರಡು ವಾರ ಮಾತು ಬಿಟ್ಟರು. ಜ್ಯೂಸಿನ ಹುಡುಗ ಕೆಲಸ ಬಿಟ್ಟೇ ಹೋದ. ನಾವು ಸಮಾಧಾನ ಮಾಡಲು ಹೋದಾಗ ಅವನ ಪೆಟ್ಟಿಗೆ ಆಗಲೇ ಹೋಗಿತ್ತು.

ಅದೇ ದಿನ ಹೊರಗೆ ಏನಾಯಿತು? ಮುಂಬಯಿಯ ಮುಸ್ಲಿಂ ಮುಖಂಡರು ತಾವಾಗಿಯೇ ಮೆರವಣಿಗೆಯನ್ನು 29ಕ್ಕೆ ಮುಂದೂಡಿದರು. ಸರಕಾರ 29ರಂದೂ ರಜೆ ಸಾರಿತು. ಅದೇ ವರ್ಷ ಜೂನ್ 29ರಂದು ಆಷಾಢ ಏಕಾದಶಿ ಮತ್ತು ಬಕ್ರೀದ್ ಕೂಡಿ ಬಂದಾಗಲೂ ಮಹಾರಾಷ್ಟ್ರದ ಹಲವು ಊರುಗಳಲ್ಲಿ ಮುಸಲ್ಮಾನರು ಕುರ್ಬಾನಿಯನ್ನು ಮರುದಿನಕ್ಕೆ ಇಟ್ಟುಕೊಂಡಿದ್ದರು. ಇಷ್ಟು ದೊಡ್ಡ ನಗರ ಕಂಡುಕೊಂಡ ದಾರಿ ಹದಿನೆಂಟು ಮಂದಿಯ ಹೋಟೆಲಿಗೆ ಕಾಣಲಿಲ್ಲ. 28ಕ್ಕೆ ಆ ಮೂವರು ನಿಂತು, 29ಕ್ಕೆ ಇವರು ಅವರ ಬದಲಿ ನಿಂತಿದ್ದರೆ ಅಂಗಡಿಯೂ ನಡೆಯುತ್ತಿತ್ತು, ಹಬ್ಬವೂ ಆಗುತ್ತಿತ್ತು. ಈ ಮಾತನ್ನು ಆಗಸ್ಟಿನಲ್ಲೇ ಹೇಳಬೇಕಾಗಿದ್ದವರು ನಾವು. ಹೇಳಲಿಲ್ಲ. ಆ ತಪ್ಪನ್ನು ಒಪ್ಪಿಕೊಳ್ಳುತ್ತೇವೆ.

ಕಾನೂನಿನ ಮಾತನ್ನೂ ನಾವು ಸರಿಯಾಗಿ ತಿಳಿಸಿರಲಿಲ್ಲ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯದೆಯಂತೆ ಕೆಲಸಗಾರನಿಗೆ ವರ್ಷಕ್ಕೆ ಎಂಟು ಸಂಬಳಸಹಿತ ಹಬ್ಬದ ರಜೆ. ಜನವರಿ 26, ಮೇ 1, ಆಗಸ್ಟ 15, ಅಕ್ಟೋಬರ 2 ಈ ನಾಲ್ಕು ನಿಗದಿಯಾದವು. ಉಳಿದ ನಾಲ್ಕನ್ನು ಧಣಿ ಮತ್ತು ಕೆಲಸಗಾರರು ವರ್ಷ ಹುಟ್ಟುವ ಮೊದಲೇ ಕೂತು ಒಪ್ಪಿಕೊಳ್ಳಬೇಕು. ಕೈ ಎತ್ತಿರಿ, ಕಳೆದ ಡಿಸೆಂಬರಿನಲ್ಲಿ ತಮ್ಮಲ್ಲಿ ಎಷ್ಟು ಮಂದಿಯನ್ನು ಹೀಗೆ ಕೂರಿಸಿ ಕೇಳಿದ್ದರು? ... ಇಬ್ಬರು. ಇಷ್ಟು ದೊಡ್ಡ ಸಭೆಯಲ್ಲಿ ಇಬ್ಬರು!

ಕೇಳದೆ ಇದ್ದರೆ ಆಗುವುದು ಹೀಗೆ: ಬುದ್ಧ ಪೂರ್ಣಿಮೆಯನ್ನು ಆ ನಾಲ್ಕರಲ್ಲಿ ಬರೆದವನಿಗೆ ಈ ವರ್ಷ ಅದು ಮೇ 1ರಲ್ಲೇ ಕರಗಿ, ಎಂಟು ಹೋಗಿ ಏಳಾಯಿತು. ಪಂಚಾಂಗ ನೋಡಿ ಮೊದಲೇ ಮಾತಾಡಿದ್ದರೆ ಬೇರೊಂದು ದಿನ ಸಿಗುತ್ತಿತ್ತು. ಉಡುಪಿ ಕಡೆಯ ಹುಡುಗರದ್ದು ಇದರ ತಿರುವುಮುರುವು. ಮುಂಬಯಿಯಲ್ಲಿ ದಹಿ ಹಂಡಿ 2025ರ ಆಗಸ್ಟ 16ಕ್ಕೆ ಮುಗಿದುಹೋಯಿತು. ಉಡುಪಿಯ ಅಷ್ಟಮಿ ಸೌರಮಾನದ್ದು, ಬಂದದ್ದು ಸೆಪ್ಟೆಂಬರ 14ಕ್ಕೆ. ಒಂದೇ ಕೃಷ್ಣ, ಎರಡು ತಾರೀಖು. ಬಿಸು ಏಪ್ರಿಲ್ 14 ಅಥವಾ 15ಕ್ಕೆ. 14ಕ್ಕೆ ಬಂದರೆ ಅಂಬೇಡ್ಕರ ಜಯಂತಿಯ ಜತೆ. ಯುಗಾದಿಯೊಂದು ಗುಡಿ ಪಾಡವೆಯ ಜತೆಗೇ ಬರುತ್ತದೆ, ಅದಕ್ಕೆ ತಂಟೆಯಿಲ್ಲ. ಎಲ್ಲರ ಹಬ್ಬಗಳನ್ನೂ ನಾಲ್ಕರಲ್ಲಿ ತುಂಬಲಾಗದು, ಅದು ನಮಗೂ ಗೊತ್ತು. ಆದರೆ ಯಾವುದನ್ನು ಬಿಡಬೇಕೆಂದು ಹೇಳುವವರು ಹಬ್ಬ ಮಾಡುವವರೇ ಆಗಿರಲಿ.

ಇನ್ನೊಂದು ಎಚ್ಚರಿಕೆ. ಆ ಕಾಯದೆ ಹತ್ತು ಮಂದಿ ಮತ್ತು ಅದಕ್ಕೆ ಹೆಚ್ಚು ಕೆಲಸಗಾರರಿರುವ ಅಂಗಡಿಗಳಿಗೆಂದು ಮಾಡಿದ್ದು. 2025ರಲ್ಲಿ ಸರಕಾರ ಆ ಹತ್ತನ್ನು ಇಪ್ಪತ್ತಕ್ಕೆ ಏರಿಸುವ ತಿದ್ದುಪಡಿ ತಂದಿತು. ನಮ್ಮವರು ದುಡಿಯುವ ಹೋಟೆಲುಗಳಲ್ಲಿ ಹನ್ನೆರಡು, ಹದಿನೈದು, ಹದಿನೆಂಟು ಮಂದಿಯವೇ ಎಷ್ಟೋ. ಅಲ್ಲಿ ಇನ್ನು ಕಾಯದೆಯ ಪುಸ್ತಕ ತೋರಿಸಿ ಗೆಲ್ಲುವುದು ಕಷ್ಟ. ಒಗ್ಗಟ್ಟಿನಿಂದ ಕೇಳಿಯೇ ಪಡೆಯಬೇಕು. ಮೂವರು ಮುಸಲ್ಮಾನರನ್ನು ಹೊರಗಿಟ್ಟು ಹದಿನೈದು ಮಂದಿ ಕೇಳಿದರೆ ಧಣಿಗಳಿಗೆ ಉತ್ತರ ಸುಲಭ, ಅದನ್ನು 2023ರಲ್ಲಿ ಕಂಡೆವು.

ಬರುವ ವರ್ಷದ ಪಂಚಾಂಗವನ್ನು ಈಗಲೇ ಸ್ವಲ್ಪ ತಿರುವಿದ್ದೇವೆ. 2027ರ ಆಗಸ್ಟ 15 ಭಾನುವಾರ. ಪಾರಸಿಗಳ ಹೊಸ ವರ್ಷವೂ ಅಂದೇ, ಮಿಲಾದ್ ಕೂಡ ಚಂದ್ರ ಕಂಡಂತೆ ಅದರ ಆಸುಪಾಸಿಗೆ. ಭಾನುವಾರವೇ ವಾರದ ರಜೆಯಿರುವ ಗೋದಾಮು, ಕಾರಖಾನೆಯವರು ಇದನ್ನು ಗುರುತು ಹಾಕಿಕೊಳ್ಳಿರಿ.

ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳು ಬಾಗಿಲ ಬಳಿ ಒಂದು ಪುಸ್ತಕ ಹಿಡಿದು ಕೂರುತ್ತಾರೆ. ತಾವು ಕೆಲಸ ಮಾಡುವಲ್ಲಿ ಒಟ್ಟು ಎಷ್ಟು ಮಂದಿ, ಯಾವ ಯಾವ ಊರಿನವರು, ಯಾರಿಗೆ ಯಾವ ಹಬ್ಬ ಬಿಡಲಾರದ್ದು ಎಂದು ಬರೆಸಿ ಹೋಗಿರಿ. ತಮ್ಮದನ್ನಷ್ಟೇ ಅಲ್ಲ, ಪಕ್ಕದ ಚಾಪೆಯವನದ್ದನ್ನೂ ಬರೆಸಿರಿ. ಡಿಸೆಂಬರಿಗೆ ಮೊದಲು ಆ ಪುಸ್ತಕ ಹಿಡಿದು ಹೋಟೆಲು ಹೋಟೆಲಿಗೆ ನಾವು ಬರುತ್ತೇವೆ. ಕಲ್ಯಾಣದ ಕಡೆಗೆ ಹೋಗುವವರು ಸಂಜೆಯ ಗಾಡಿಯಲ್ಲಿ ಜಾಗ ಸಿಗಬೇಕಾದರೆ ಐದು ಗಂಟೆಯೊಳಗೆ ಹೊರಡುವುದು ಒಳ್ಳೆಯದು. ಹುಣ್ಣಿಮೆಯ ದಿನ, ದಾರಿಯಲ್ಲಿ ಜನ ಹೆಚ್ಚು.